ಪ್ರತಿಕ್ರಿಯೆ: ಸಂಬಳ ಇಲ್ಲದೆ ಜನ ಯಾಕೆ ಪಟ್ಟಿ (ಚಂದಾ) ಎತ್ತುತ್ತಾರೆ?

ನಮಸ್ಕಾರ ಸರ್. ನಿಮ್ಮೂರಿನ ಅನಾಥಾಶ್ರಮದ ಸಂಘಕ್ಕೆ ಅಧ್ಯಕ್ಷರಾಗಿ ಅಂತ ಕೇಳಿದ್ದಾರೆ, ಸಂಬಳ ಇಲ್ಲದ ಈ ಕೆಲಸಕ್ಕೆ ಜನ ಯಾಕೆ ಹೆಗಲು ಕೊಡುತ್ತಾರೆ ಅಂತ ಬರೆದಿದ್ದೀರಿ. ನನ್ನದನ್ನೇ ಹೇಳುತ್ತೇನೆ.

2019ರ ಆಗಸ್ಟ್‌ನಲ್ಲಿ ಘಟಪ್ರಭಾ ಉಕ್ಕಿದಾಗ ನಾನು ಮುಧೋಳದಲ್ಲಿದ್ದೆ. ಅಕ್ಕನ ಮನೆಯೊಳಗೆ ನೀರು ಹೊಕ್ಕಿತ್ತು. ನಾವು ಉಳಿದಿದ್ದ ಶಾಲೆಗೆ ಗುರುತು ಪರಿಚಯ ಇಲ್ಲದವರು ಬುಟ್ಟಿಗಟ್ಟಲೆ ರೊಟ್ಟಿ, ಶೇಂಗಾ ಚಟ್ನಿ ಕಳಿಸಿದರು. ಆ ರೊಟ್ಟಿ ತಿಂದ ಮೇಲೆ ಸುಮ್ನೆ ಕೂರಲು ಆಗಲಿಲ್ಲ. ನೀರು ಇಳಿದ ಕೂಡಲೇ ರಶೀದಿ ಪುಸ್ತಕ ಹಿಡಿದು ಅಂಗಡಿ ಅಂಗಡಿ ಸುತ್ತಿದೆ. ನಾನು ಕಂಡಂತೆ, ಜಾಸ್ತಿ ಜನರನ್ನು ಎಳೆಯುವುದು ಇಂಥದೇ ಒಂದು ಋಣ. ಹೆಸರಿನ ಆಸೆಯೂ ಇರುತ್ತದೆ. ಲೆಕ್ಕ ಸರಿ ಇದ್ದರೆ ಅದೇನು ತಪ್ಪಲ್ಲ, ಅಲ್ವಾ?

ಬೆಳಗಾವಿಯ ಕೆಎಲ್‌ಇ ಶಿಕ್ಷಣ ಸಂಸ್ಥೆಯನ್ನೇ ನೋಡಿ. 1916ರಲ್ಲಿ ಅದನ್ನು ಶುರು ಮಾಡಿದ್ದು ಏಳು ಜನ. ನಮ್ಮ ಭಾಗದ ಮಕ್ಕಳು ಓದಬೇಕು ಎಂಬ ಹಟ ಅವರದು. ಆಮೇಲೆ ವಂಟಮುರಿಯ ರಾಜಾ ಲಖಮಗೌಡ ಸರದೇಸಾಯಿಯಂಥವರು ಕೈ ಬಿಚ್ಚಿ ಕೊಟ್ಟರು.

ನೀವು ಒಪ್ಪುವ ಮುಂಚೆ ಒಂದು ಸಂಜೆ ಆ ಮಕ್ಕಳ ಜೊತೆ ಊಟಕ್ಕೆ ಕೂತು ಬನ್ನಿ. ಮತ್ತೆ ಹೋಗಬೇಕು ಅನ್ನಿಸಿದರೆ ಹೂಂ ಅನ್ನಿ. ಲೆಕ್ಕ ನೋಡಲು ಇನ್ನೊಬ್ಬರನ್ನು ಮಾತ್ರ ಈಗಲೇ ಹುಡುಕಿಟ್ಟುಕೊಳ್ಳಿ.