ಸ್ಕಂದಗಿರಿಯಲ್ಲಿ ಸೂರ್ಯೋದಯ ನೋಡಲು ಬೆಂಗಳೂರಿನಿಂದ ಎಷ್ಟು ಹೊತ್ತಿಗೆ ಹೊರಡಬೇಕು?

ಡಿಸೆಂಬರ್ ಕೊನೆಯ ವಾರ, ಇಬ್ಬರೇ, ಇಬ್ಬರಿಗೂ ಇದೇ ಮೊದಲ ಚಾರಣ ಅಂತ ಬರೆದಿದ್ದೀರಿ. ಹಾಗಿದ್ದರೆ ಲೆಕ್ಕವನ್ನು ಹಿಂದಿನಿಂದ ಹಾಕಿ. ಆ ವಾರ ಸೂರ್ಯ ಹುಟ್ಟುವುದು ಸುಮಾರು 6:40ಕ್ಕೆ. ಆದರೆ ಆಕಾಶಕ್ಕೆ ಬಣ್ಣ ಏರುವುದು ಅದಕ್ಕೂ ಅರ್ಧ ಗಂಟೆ ಮುಂಚೆ. ಅದು ತಪ್ಪಿದರೆ ನಿದ್ದೆಗೆಟ್ಟಿದ್ದೇ ದಂಡ. ಹಾಗಾಗಿ 6ಕ್ಕೆ ಮೇಲಿರಬೇಕು. ಹತ್ತುವ ದಾರಿ ಸುಮಾರು 4 ಕಿ.ಮೀ., ಹೊಸಬರಿಗೆ ಕತ್ತಲಲ್ಲಿ ಎರಡು ಗಂಟೆ ಹಿಡಿಯುತ್ತದೆ. ಹೆಬ್ಬಾಳದಿಂದ ಬೆಟ್ಟದ ಬುಡದ ಕಳವಾರ ಹಳ್ಳಿಗೆ ಕಾರಿನಲ್ಲಿ ಒಂದೂವರೆ ಗಂಟೆ. ಅಂದರೆ ಕಾಲು ಗಂಟೆ ಕೈಯಲ್ಲಿಟ್ಟುಕೊಂಡು ರಾತ್ರಿ 2:15ಕ್ಕೆ ಹೆಬ್ಬಾಳ ದಾಟಿದರೆ ಸಾಕು.

ಆನ್‌ಲೈನ್‌ನಲ್ಲಿ ಮೊದಲೇ ಟಿಕೆಟ್ ಮಾಡಿಸಿಕೊಳ್ಳಿ, ರಾತ್ರಿ ಸುಮ್ನೆ ಹೋಗಿ ಹತ್ತುವ ಹಾಗಿಲ್ಲ. ಟಿಕೆಟ್‌ನಲ್ಲಿರುವ ಸಮಯ ಬೇರೆ ಇದ್ದರೆ ನನ್ನ ಲೆಕ್ಕ ಬಿಟ್ಟು ಅದನ್ನೇ ನಂಬಿ.

ಇನ್ನೂ ಬೇಗ ಹೋದರೆ ಒಳ್ಳೇದಲ್ವಾ ಅನ್ನಿಸಬಹುದು. ಬೇಡ. ವರ್ಷಗಳ ಹಿಂದೆ ನಾನು ಮೊದಲ ಸಲ ಹೋದಾಗ 4:30ಕ್ಕೇ ತುದಿ ಮುಟ್ಟಿದ್ದೆ. ಬೆವರಿಗೆ ಕಾಟನ್ ಟೀ ಶರ್ಟು ಬೆನ್ನಿಗೆ ಅಂಟಿತ್ತು. ಮೇಲೆ ಗಾಳಿಯೋ ಗಾಳಿ. ಐದೇ ನಿಮಿಷಕ್ಕೆ ಬೆನ್ನ ಮೇಲೆ ಯಾರೋ ಒದ್ದೆ ಗೋಣಿಚೀಲ ಹೊದಿಸಿದಂತಾಯಿತು. ಪಾಳುಬಿದ್ದ ಕೋಟೆ ಗೋಡೆಯ ಮರೆಯಲ್ಲಿ ಮಂಡಿ ತಬ್ಬಿಕೊಂಡು ಎರಡು ಗಂಟೆ ಹಲ್ಲು ಕಡಿಯುತ್ತಾ ಕೂತಿದ್ದೆ. ಸೂರ್ಯ ಬಂದಾಗ ಫೋಟೋ ತೆಗೆಯಲು ಬೆರಳೇ ಮಡಚಲಿಲ್ಲ! ಈಗ ಬ್ಯಾಗಿನಲ್ಲಿ ಒಂದು ಒಣ ಬನಿಯನ್, ಸ್ವೆಟರ್ ಇದ್ದೇ ಇರುತ್ತೆ. ಮೇಲೆ ಹೋದ ತಕ್ಷಣ ಬದಲಾಯಿಸುತ್ತೇನೆ, ನಾಚಿಕೆ ಗೀಚಿಕೆ ಎಲ್ಲ ಆಮೇಲೆ.

ಇನ್ನು ಫೋಟೋಗಳಲ್ಲಿ ಕಾಣುವ ಮೋಡದ ಕಡಲು. ಅದು ದಿನಾ ಸಿಗುವುದಿಲ್ಲ. ಬಹುಪಾಲು ಅದು ಕೆಳಗಿನ ಬಯಲಲ್ಲಿ ಕಟ್ಟುವ ಮಂಜು. ನೆಲದಲ್ಲಿ ಮಳೆಯ ಪಸೆ ಉಳಿದಿರಬೇಕು, ರಾತ್ರಿ ಆಕಾಶ ಶುಭ್ರವಾಗಿರಬೇಕು, ಬಯಲಲ್ಲಿ ಗಾಳಿ ಕಡಿಮೆ ಇರಬೇಕು. ಆಗ ನೆಲ ಬೇಗ ತಣ್ಣಗಾಗಿ ತಗ್ಗಿನಲ್ಲೆಲ್ಲ ಮಂಜು ತುಂಬುತ್ತದೆ. ಬೆಟ್ಟ ಸುಮಾರು 1450 ಮೀಟರ್ ಎತ್ತರ, ತಲೆ ಹೊರಗಿರುತ್ತದೆ. ಅಂಥ ದಿನ ಸಿಕ್ಕರೆ ದಕ್ಷಿಣಕ್ಕೆ ನಂದಿಬೆಟ್ಟ ಮಜ್ಜಿಗೆಯಲ್ಲಿ ಮುಳುಗಿದ ಮುದ್ದೆಯಂತೆ ನೆತ್ತಿ ಮಾತ್ರ ತೋರಿಸುತ್ತದೆ. ಮಂಜು ಜಾಸ್ತಿ ಮೇಲೇರಿದರೆ ಮಾತ್ರ ನೀವೇ ಅದರೊಳಗೆ, ಹತ್ತಡಿ ಆಚೆ ಏನೂ ಕಾಣುವುದಿಲ್ಲ. ಹಾಗಂತ ಕೂಡಲೇ ಇಳಿಯಬೇಡಿ. ಎಂಟು ಗಂಟೆಯವರೆಗೆ ಕಾದರೆ ಎಷ್ಟೋ ಸಲ ಮಂಜು ಸರಿದು ದಾರಿ ಬಿಡುತ್ತದೆ. ಡಿಸೆಂಬರ್‌ನಲ್ಲಿ ಸೂರ್ಯ ಹುಟ್ಟುವುದು ನೇರ ಪೂರ್ವಕ್ಕಲ್ಲ, ಆಗ್ನೇಯದ ಕಡೆ ವಾಲಿ. ಜಾಗ ಹಿಡಿಯುವಾಗ ಅದು ನೆನಪಿರಲಿ.

ಮೊಬೈಲ್ ಬೆಳಕು ನೆಚ್ಚಿಕೊಳ್ಳಬೇಡಿ, ತಲೆಗೆ ಕಟ್ಟುವ ಟಾರ್ಚ್ ತನ್ನಿ. ಬಂಡೆ ಹಿಡಿಯಲು ಎರಡೂ ಕೈ ಬೇಕು. ಒಬ್ಬೊಬ್ಬರಿಗೆ ಎರಡು ಲೀಟರ್ ನೀರು. ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ. ಬಂಡೆಯ ಮೇಲಿನ ಗರಸು ಕಾಲಡಿ ಉರುಳುತ್ತದೆ, ಸವೆದ ಶೂ ಆದರೆ ನಿಂತ ಜಾಗವೇ ಜಾರುಬಂಡೆ. ಪಾದ ಅಡ್ಡ ಇಟ್ಟು ನಿಧಾನವಾಗಿ ಇಳಿಯಿರಿ.

ಕೆಳಗೆ ಬಂದಮೇಲೆ ಕಾರು ಓಡಿಸುವವರು ಸೀಟು ಬಾಗಿಸಿ ಅರ್ಧ ಗಂಟೆ ಮಲಗಿ. ಇಡ್ಲಿ, ಹೆದ್ದಾರಿ ಎಲ್ಲ ಆಮೇಲೆ.