1948ರ ಹೆಂಗಸನ್ನು ಬರೀ ನಗಿಸೋಕೆ ಕರೆತರಬೇಡಿ

ನಮಸ್ಕಾರ ರೀ. ಇಂದಿನ ಕಲಬುರಗಿಯ ಹುಡುಗಿ 1948ಕ್ಕೆ ಹೋಗಿ, ಆ ಕಾಲದ ಹೆಂಗಸು ಅವಳ ಜಾಗಕ್ಕೆ ಬರುವ ಕಾದಂಬರಿಯನ್ನು ಓದುಗರು ಒಪ್ಪುತ್ತಾರಾ ಎಂದು ಕೇಳಿದ್ದೀರಿ. ಒಪ್ಪುತ್ತಾರೆ. ಕಾಲ ಹೇಗೆ ದಾಟಿದರು ಅನ್ನೋದಕ್ಕೆ ಒಂದು ಪುಟ ಸಾಕು.

ಇಂಥ ಕಥೆಗಳಲ್ಲಿ ನನಗೆ ಬೇಜಾರು ತರುವುದು ಬೇರೆ. ಇಲ್ಲಿಂದ ಹೋದವಳು ಅಲ್ಲಿ ಎಲ್ಲರಿಗೂ ಬುದ್ಧಿ ಹೇಳುತ್ತಾಳೆ. ಅಲ್ಲಿಂದ ಬಂದವಳು ಮಿಕ್ಸರ್ ಸದ್ದಿಗೆ ಬೆಚ್ಚಿ ಬೀಳುತ್ತಾಳೆ, ಅಷ್ಟೇ. ನನ್ನ ಗೆಳತಿಯರದ್ದೂ ಇದೇ ತಕರಾರು.

ನಿಮ್ಮ ಹುಡುಗಿಯನ್ನೂ ಸ್ವಲ್ಪ ಒದ್ದಾಡಿಸಿ. ಆಗ ಗುಲ್ಬರ್ಗಾ (ಇಂದಿನ ಕಲಬುರಗಿ) ಹೈದರಾಬಾದ್ ನಿಜಾಮರ ಕೈಯಲ್ಲಿತ್ತು. ಕಚೇರಿ ಕಾಗದ ಉರ್ದುವಿನಲ್ಲಿ, ಸಂತೆಯಲ್ಲಿ ಹಾಲಿ ಸಿಕ್ಕಾ ಅನ್ನೋ ನಿಜಾಮರ ನಾಣ್ಯ. ಡಿಗ್ರಿ ಇದ್ದರೂ ಅವಳಿಗೆ ಒಂದು ಅರ್ಜಿ ಓದಲು ಬರಲ್ಲ! ನಿಜಾಮರ ಪರ ನಿಂತ ಖಾಸಗಿ ಪಡೆ ರಜಾಕಾರರ ಹೆದರಿಕೆಗೆ ಎಷ್ಟೋ ಜನ ಊರು ಬಿಟ್ಟರು. ಭಾರತದ ಸೇನೆಗೆ ನಿಜಾಮರು ಶರಣಾದ ಸೆಪ್ಟೆಂಬರ್ 17ರ ಸುತ್ತಮುತ್ತ ಮುಸ್ಲಿಂ ಮನೆಗಳಿಗೆ ಬಂದ ಕಷ್ಟವನ್ನೂ ಬಿಡಬೇಡಿ. ಹೆಚ್ಚು ಹಾನಿಯಾದ ಜಿಲ್ಲೆಗಳಲ್ಲಿ ಗುಲ್ಬರ್ಗಾ, ಬೀದರ್ ಸೇರಿವೆ ಎಂದು ಆಗ ಭಾರತ ಸರ್ಕಾರ ಕಳಿಸಿದ್ದ ಸುಂದರಲಾಲ್ ಸಮಿತಿಯೇ ಹೇಳಿದೆ. ಇದೆಲ್ಲ ಬಿಟ್ಟು ಬರೀ ಸೀರೆ, ಟಾಂಗಾ ಅಂತ ಬರೆದರೆ ಸುಮ್ನೆ ಸಿನಿಮಾ ಸೆಟ್ ಆಗುತ್ತೆ.

ಇನ್ನು ಇಲ್ಲಿಗೆ ಬಂದವಳು. ಅವಳಿಗೆ ಮೊಬೈಲ್‌ಗಿಂತ ಪಹಣಿಯಲ್ಲಿ ಮಗಳ ಹೆಸರು ದೊಡ್ಡ ಅಚ್ಚರಿ ಅಲ್ವಾ? 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ, ಆಮೇಲೆ 2005ರ ತಿದ್ದುಪಡಿಯಿಂದ ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಸಮಪಾಲು. ಆದರೂ ಇಲ್ಲಿಯ ಹುಡುಗಿ ಅಣ್ಣಂದಿರಿಗೆ ಹಕ್ಕು ಬಿಟ್ಟು ಸಹಿ ಹಾಕಿರುತ್ತಾಳೆ. ಬಂದಾಕೆ ಆ ಕಾಗದ ಹಿಡಿದು ಮನೆಯವರನ್ನು ಕೇಳಲಿ, ಅಲ್ಲಿದೆ ಕಥೆ.

ತಾರೀಖು ಮಾತ್ರ ಮೊದಲೇ ಗಟ್ಟಿ ಮಾಡಿಕೊಳ್ಳಿ. ಆಗಸ್ಟ್‌ನ ಗುಲ್ಬರ್ಗಾ ಬೇರೆ, ಅಕ್ಟೋಬರ್‌ನದು ಬೇರೆ.