ಕಾಲೇಜಿನ ಸಿನಿಮಾಕ್ಕೆ ಊರಿನವರು ಹೋಗಬಹುದಾ?

ಪ್ರಶ್ನೆ: ಮಗಳ ಕಾಲೇಜಿನಲ್ಲಿ ಈ ವರ್ಷ ಅಮೆರಿಕನ್ ಸ್ಟಡೀಸ್ (ಅಮೆರಿಕದ ಇತಿಹಾಸ, ಸಾಹಿತ್ಯ, ಸಮಾಜದ ಓದು) ಅಂತ ಸರ್ಟಿಫಿಕೇಟ್ ಕೋರ್ಸ್ ಶುರುವಾಗಿದೆ. ಶನಿವಾರ ಮಧ್ಯಾಹ್ನ ಒಂದು ವಾರ ಉಪನ್ಯಾಸ, ಇನ್ನೊಂದು ವಾರ ಸಿನಿಮಾ. ಊರಿನವರೂ ಬರಬಹುದು ಎಂದು ಗೇಟಿನಲ್ಲಿ ಬ್ಯಾನರ್ ಕಟ್ಟಿದ್ದಾರೆ. ನನಗೆ ಆಸೆ ಇದೆ. ಆದರೆ ನಾನು ಓದಿದ್ದು ಕನ್ನಡ ಮಾಧ್ಯಮ, ಅದೂ ಪಿಯುಸಿ ತನಕ. "ಅದೆಲ್ಲ ಅಮೆರಿಕದ ಪ್ರಚಾರ, ನಿನಗೆ ಅಲ್ಲೇನು ಕೆಲಸ" ಎನ್ನುತ್ತಾರೆ ನಮ್ಮವರು. ಹೋಗಲಾ?
— ಓದುಗರೊಬ್ಬರು, ಕುಂಜಿಬೆಟ್ಟು, ಉಡುಪಿ

ಉತ್ತರ: ಹೋಗಿ. ಮಗಳ ಜೊತೆಗೇ ಹೋಗಿ, ಮುಂದಿನ ಸಾಲಿನಲ್ಲಿ ಕೂತುಕೊಳ್ಳಿ.

ನಿಮ್ಮವರ ಸಂಶಯ ಸುಮ್ನೆ ಹುಟ್ಟಿದ್ದಲ್ಲ. ನಮ್ಮ ದೇಶದಲ್ಲಿ ಈ ವಿಷಯ ಬೆಳೆದದ್ದರ ಹಿಂದೆ ಅಮೆರಿಕ ಸರಕಾರದ ಕೈ ಖಂಡಿತ ಇತ್ತು. 1950ರಲ್ಲಿ ಎರಡೂ ದೇಶಗಳ ವಿದ್ವಾಂಸರು, ವಿದ್ಯಾರ್ಥಿಗಳು ಆ ಕಡೆ ಈ ಕಡೆ ಹೋಗಿ ಓದುವ ಫುಲ್‌ಬ್ರೈಟ್ ಒಪ್ಪಂದ ಆಯಿತು. 1964ರಲ್ಲಿ ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದ ಆವರಣದಲ್ಲಿ ಅಮೆರಿಕನ್ ಸ್ಟಡೀಸ್ ರಿಸರ್ಚ್ ಸೆಂಟರ್ ಬಂತು. ನನ್ನ ಹಾಗೆ ಮಂಗಳೂರಿನ ಕಾಲೇಜೊಂದರಲ್ಲಿ ಅಮೆರಿಕನ್ ಸಾಹಿತ್ಯದ ಪೇಪರ್ ಪಾಠ ಮಾಡುತ್ತಿದ್ದವರಿಗೆ ಅಲ್ಲಿನ ಲೈಬ್ರರಿ ಎಂದರೆ ಹಬ್ಬ. ಇಲ್ಲಿ ಹೆಸರು ಮಾತ್ರ ಕೇಳಿದ್ದ ಪುಸ್ತಕಗಳು ಅಲ್ಲಿ ಕೈಗೆ ಸಿಗುತ್ತಿದ್ದವು.

ಗೋಧಿಯ ಕಥೆಯನ್ನೂ ಹೇಳಬೇಕು. ಪಿಎಲ್ 480 ಎಂಬ ಕಾನೂನಿನಡಿ ಅಮೆರಿಕದಿಂದ ಬಂದ ಗೋಧಿಗೆ ನಮ್ಮ ಸರಕಾರ ರೂಪಾಯಿಯಲ್ಲೇ ಹಣ ಕೊಡುತ್ತಿತ್ತು. ಆ ರೂಪಾಯಿಯಲ್ಲಿ ಒಂದು ಪಾಲು ಓದು, ಪುಸ್ತಕದ ಕೆಲಸಕ್ಕೂ ಹೋಯಿತು. ಅದೇ ಹಣದಿಂದ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 1962ರಲ್ಲಿ ದೆಹಲಿಯಲ್ಲಿ ಕಚೇರಿ ತೆರೆಯಿತು. ನಮ್ಮ ಭಾಷೆಗಳ ಪುಸ್ತಕ ಕೊಂಡು ಅಲ್ಲಿನ ವಿಶ್ವವಿದ್ಯಾಲಯಗಳಿಗೆ ಕಳಿಸಿತು. ಕನ್ನಡ ಪುಸ್ತಕಗಳೂ ಹೀಗೆ ಕಡಲು ದಾಟಿದವು.

ಪ್ರಚಾರದ ಮಾತಿಗೆ ಬರೋಣ. 'ದ ಮಾರ್ಚ್' ಅಂತ ಅರ್ಧ ಗಂಟೆಯ ಒಂದು ಡಾಕ್ಯುಮೆಂಟರಿ ಇದೆ. 1963ರ ಆಗಸ್ಟ್ 28ರಂದು ವಾಷಿಂಗ್ಟನ್‌ನಲ್ಲಿ ಸುಮಾರು ಎರಡೂವರೆ ಲಕ್ಷ ಜನ ಸೇರಿ ಕರಿಯರ ಹಕ್ಕು ಕೇಳಿದರಲ್ಲ, ಅದರ ಬಗ್ಗೆ. ಅದನ್ನು ಮಾಡಿಸಿದ್ದು ಅಮೆರಿಕ ಸರಕಾರದ ಪ್ರಚಾರ ಸಂಸ್ಥೆಯೇ, ಹೊರದೇಶದ ಜನರಿಗೆ ತೋರಿಸಲು. ಅಂಥ ಚಿತ್ರಗಳನ್ನು ಅಮೆರಿಕದ ಒಳಗೆ ತೋರಿಸುವ ಹಾಗಿರಲಿಲ್ಲ, ಕಾನೂನಿನ ತಡೆ ಇತ್ತು. ನಮ್ಮಂಥವರು ನೋಡಬಹುದಾಗಿದ್ದ ಚಿತ್ರವನ್ನು ಆ ದೇಶದ ಜನ ಆಗ ನೋಡುವ ಹಾಗಿರಲಿಲ್ಲ! ತಮಾಷೆ ಅಂದರೆ, ನಮ್ಮ ಮನೆಯ ಹುಳುಕನ್ನು ಹೊರಗಿನವರಿಗೆ ಯಾಕೆ ತೋರಿಸುತ್ತೀರಿ ಎಂದು ಅಲ್ಲಿನ ಕೆಲವು ರಾಜಕಾರಣಿಗಳೇ ಸಿಟ್ಟಾದರು. ಹಾಗಾಗಿ ಪ್ರಚಾರ ಎಂದ ಕೂಡಲೇ ಎದ್ದು ಬರಬೇಡಿ. ಇದನ್ನು ಯಾರು ಮಾಡಿಸಿದರು, ಯಾರಿಗೆ ತೋರಿಸಲು, ಈ ಕಾರ್ಯಕ್ರಮದ ಖರ್ಚು ಯಾರದ್ದು ಅಂತ ಕೈ ಎತ್ತಿ ಕೇಳಿ. ಒಳ್ಳೆಯ ಮೇಷ್ಟ್ರಿಗೆ ಈ ಪ್ರಶ್ನೆ ಇಷ್ಟವಾಗುತ್ತದೆ. ನಿಮ್ಮವರನ್ನೂ ಕರೆದುಕೊಂಡು ಹೋಗಿ, ಅವರೇ ಕೇಳಲಿ.

ಇಂಗ್ಲಿಷಿನ ಹೆದರಿಕೆ ಬೇಡ. ಸಬ್‌ಟೈಟಲ್ ಹಾಕಲು ಮೊದಲೇ ಹೇಳಿಡಿ. '12 ಆ್ಯಂಗ್ರಿ ಮೆನ್' ಅಂತ 1957ರ ಚಿತ್ರ ಇಂಥ ಕಾರ್ಯಕ್ರಮಗಳಿಗೆ ತುಂಬ ಒಗ್ಗುತ್ತದೆ. ಸೆಖೆಯ ದಿನ, ಒಂದು ಕೋಣೆ, ಹನ್ನೆರಡು ಗಂಡಸರು. ಇವರೇ ಜ್ಯೂರಿ, ಅಂದರೆ ತೀರ್ಪು ಹೇಳಲು ಕರೆಸಿದ ಸಾಮಾನ್ಯ ನಾಗರಿಕರು. ಕೊಲೆ ಆರೋಪ ಹೊತ್ತ ಹುಡುಗ ತಪ್ಪಿತಸ್ಥನೋ ಅಲ್ಲವೋ ಎಂದು ಎಲ್ಲರೂ ಒಮ್ಮತಕ್ಕೆ ಬರಬೇಕು. ಒಂದೂವರೆ ಗಂಟೆ ಬರೀ ವಾದ. ನಮ್ಮ ವಿದ್ಯಾರ್ಥಿಗಳಿಗೆ ತೋರಿಸಿದಾಗ ಜಾಸ್ತಿ ಮಾತಾಡಿದ್ದು ಇಂಗ್ಲಿಷ್ ಚೆನ್ನಾಗಿ ಬರುವವರಲ್ಲ, ಮನೆಯಲ್ಲಿ ಅಜ್ಜನ ಜೊತೆ ತಾಳಮದ್ದಳೆ (ವೇಷವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ) ಕೇಳಿ ಬೆಳೆದವರು. ಯಾರ ಮಾತು ಎಲ್ಲಿ ಸೋತಿತು, ಯಾರು ಎದುರಿನವನ ಮಾತಿನಿಂದಲೇ ಅವನನ್ನು ಕಟ್ಟಿಹಾಕಿದರು ಎಂದು ಅವರಿಗೆ ಥಟ್ಟನೆ ಗೊತ್ತಾಗುತ್ತಿತ್ತು. ಈ ಕಿವಿ ನಿಮಗೂ ಇದೆ ಅಲ್ವಾ? ನಮ್ಮಲ್ಲೂ ಮೊದಲು ಜ್ಯೂರಿ ಪದ್ಧತಿ ಇತ್ತು, 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಅದಕ್ಕೆ ಜಾಗ ಸಿಗಲಿಲ್ಲ. ಯಾಕೆ ಬಿಟ್ಟೆವು, ಬಿಟ್ಟದ್ದು ಒಳ್ಳೆಯದಾಯಿತಾ? ಚಿತ್ರ ಮುಗಿದ ಮೇಲೆ ಒಂದು ಗಂಟೆ ಚರ್ಚೆಗೆ ಇಷ್ಟು ಸಾಕು. ಕನ್ನಡದಲ್ಲೇ ಕೇಳಿ. ತುಳುವಿನಲ್ಲಿ ಕೇಳಿದರೂ ಅಲ್ಲಿ ಅರ್ಥವಾಗುವವರು ಇರುತ್ತಾರೆ.

ಉಪನ್ಯಾಸದ ದಿನ ಇನ್ನೊಂದು ಹೆಸರು ಎತ್ತಿ: ಸ್ವಾತಂತ್ರ್ಯ ಹೋರಾಟಗಾರ್ತಿ ಕಮಲಾದೇವಿ ಚಟ್ಟೋಪಾಧ್ಯಾಯ. 1903ರಲ್ಲಿ ಹುಟ್ಟಿದ್ದು ಇಲ್ಲೇ ಮಂಗಳೂರಿನಲ್ಲಿ. 1941ರಲ್ಲಿ ಅವರು ಅಮೆರಿಕದ ದಕ್ಷಿಣ ಭಾಗದಲ್ಲಿ ರೈಲಿನಲ್ಲಿ ಹೋಗುತ್ತಿದ್ದರು. ಕೂತದ್ದು ಬಿಳಿಯರ ಬೋಗಿ. ಟಿಕೆಟ್ ನೋಡುವವನು ಬಂದು ಬೇರೆ ಬೋಗಿಗೆ ಹೋಗಲು ಹೇಳಿದ. ಅವರು ಏಳಲಿಲ್ಲ. ಇವರು ಅಲ್ಲಿಯ ಕರಿಯರಲ್ಲ ಎಂಬ ಗುಮಾನಿಯಿಂದ ಅವನು ಮತ್ತೆ ಬಂದು, ನೀವು ಯಾವ ದೇಶದವರು ಎಂದು ಕೇಳಿದ. ಭಾರತದವಳು ಎಂದು ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಅವರು ಆ ದಾರಿ ಹಿಡಿಯಲಿಲ್ಲ. ತಾನೂ ಬಣ್ಣದ ಹೆಂಗಸೇ, ಏಳುವುದಿಲ್ಲ ಎಂದರು. ಅಲ್ಲಿನ ಕರಿಯ ಹೆಂಗಸು ರೋಸಾ ಪಾರ್ಕ್ಸ್ ಮಾಂಟ್‌ಗೊಮರಿಯ ಬಸ್ಸಿನಲ್ಲಿ ಬಿಳಿಯರಿಗೆ ಸೀಟು ಬಿಡದೆ ಕೂತದ್ದು 1955ರಲ್ಲಿ, ಅಂದರೆ ಹದಿನಾಲ್ಕು ವರ್ಷ ಆಮೇಲೆ. ರೋಸಾ ಪಾರ್ಕ್ಸ್ ಬಗ್ಗೆ ನಮ್ಮ ಮಕ್ಕಳು ಪರೀಕ್ಷೆಗೆ ಟಿಪ್ಪಣಿ ಬರೆಯುತ್ತಾರೆ. ತಮ್ಮ ಊರಿನ ಹೆಂಗಸಿನ ಈ ಕಥೆ ಗೊತ್ತಿರುವ ಮಕ್ಕಳು ನನಗೆ ಸಿಕ್ಕಿದ್ದು ಕಡಿಮೆ. ಇದು ನನಗೆ ನಿಜಕ್ಕೂ ಬೇಸರದ ವಿಷಯ. ಉಪನ್ಯಾಸಕರು ಈ ಕಥೆ ಹೇಳದಿದ್ದರೆ ನೀವೇ ಎದ್ದು ಹೇಳಿ.

ಪ್ರಶ್ನೆ: ಮಂಗಳೂರಿನ ಕಾಲೇಜೊಂದರಲ್ಲಿ ಇಂಥದ್ದೇ ಕಾರ್ಯಕ್ರಮ ನಡೆಸುವ ಉಪನ್ಯಾಸಕ ನಾನು. ಹೊರಗಿನವರನ್ನು ಕರೆದು ಸಿನಿಮಾ ತೋರಿಸಿದರೆ ಕಾನೂನಿನ ತೊಂದರೆ ಇದೆಯಾ? ಕರೆದರೂ ಜನ ಬರುವುದಿಲ್ಲ, ಏನು ಮಾಡಲಿ?
— ಓದುಗರೊಬ್ಬರು, ಮಂಗಳೂರು

ಉತ್ತರ: 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಕಲಂ ಓದಿ. ಕಾಲೇಜಿನ ಚಟುವಟಿಕೆಯ ಭಾಗವಾಗಿ ಸಿಬ್ಬಂದಿ, ವಿದ್ಯಾರ್ಥಿಗಳು, ಅವರ ಹೆತ್ತವರು ಅಥವಾ ಪೋಷಕರು, ಸಂಸ್ಥೆಯ ಕೆಲಸಕ್ಕೆ ಸಂಬಂಧಪಟ್ಟವರು, ಇಷ್ಟೇ ಜನರಿಗೆ ಚಿತ್ರ ತೋರಿಸಿದರೆ ಅದು ಉಲ್ಲಂಘನೆ ಅಲ್ಲ. ಮೇಲೆ ಪ್ರಶ್ನೆ ಕೇಳಿದ ತಾಯಿ ಈ ಲೆಕ್ಕದಲ್ಲಿ ಒಳಗಿನವರೇ. ಇಡೀ ಊರಿಗೆ ಬ್ಯಾನರ್ ಕಟ್ಟುವುದಾದರೆ ಹಕ್ಕುದಾರರ ಅನುಮತಿ ಪಡೆಯಿರಿ. ಮನೆಯ ಓಟಿಟಿ ಖಾತೆಯಿಂದ ಸಭೆಗೆ ತೋರಿಸಬೇಡಿ. ಉಪನ್ಯಾಸಕ್ಕೆ ಈ ಕಟ್ಟುಪಾಡು ಇಲ್ಲ, ಅಲ್ಲಿಗೆ ಎಲ್ಲರನ್ನೂ ಕರೆಯಿರಿ.

ಜನ ಬರಬೇಕಾದರೆ ಅವರ ದಿನಚರಿ ನೋಡಿ. ಯಕ್ಷಗಾನ ಮೇಳಗಳ ತಿರುಗಾಟ ಇರುವಾಗ ಸಂಜೆ ಇಟ್ಟರೆ ಆಟಕ್ಕೆ ಹೋಗುವವರು ಸಿಗುವುದಿಲ್ಲ. ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆಗೆ ತಿರುಗಾಟ ಮುಗಿಯುತ್ತದೆ, ಅದು ಕಳೆದ ಮೇಲೆ ಇಡಿ. ಆದರೆ ತಗಡಿನ ಮಾಡಿನ ಹಾಲ್ ಬೇಡ, ಮಳೆ ಹೊಡೆದರೆ ಒಂದು ಮಾತೂ ಕೇಳುವುದಿಲ್ಲ. ಮಧ್ಯಾಹ್ನ ಮೂರಕ್ಕೆ ಶುರು ಮಾಡಿ ಆರಕ್ಕೆ ಬಿಟ್ಟುಬಿಡಿ, ಹೆಂಗಸರಿಗೆ ಬಸ್ಸು ಸಿಗುತ್ತದೆ. ಅತಿಥಿಯ ಪರಿಚಯ ಎರಡು ನಿಮಿಷ ಸಾಕು, ಹೂಗುಚ್ಛ, ಶಾಲು ಬೇಡ. ಆ ಹೊತ್ತನ್ನು ಸಭಿಕರ ಪ್ರಶ್ನೆಗೆ ಕೊಡಿ. ಮೊದಲ ಪ್ರಶ್ನೆ ವಿದ್ಯಾರ್ಥಿಗಳದ್ದು ಬೇಡ, ಊರಿನವರದ್ದಾಗಲಿ. ಮೈಕ್ ಹಿಡಿದುಕೊಂಡು ನೀವೇ ಅವರ ಹತ್ತಿರ ಹೋಗಿ.